ಮೂರನೆಯ ತಿರುವಿನ ಶಬ್ದ

ಎಲ್ಲಿ ಎಂದು ಕೇಳಬೇಡಿ, ಯಾವಾಗ ಎಂದೂ ಕೇಳಬೇಡಿ. ಒಂದು ಊರಿತ್ತು ಎಂದಷ್ಟೇ ಒಪ್ಪಿಕೊಂಡರೆ ಸಾಕು. ಅದರ ಒಂದು ತುದಿಗೆ ಗಾಜಿನ ಮನೆ, ಇನ್ನೊಂದು ತುದಿಗೆ ಗುಡ್ಡ. ಗಾಜಿನ ಮನೆಯಲ್ಲಿ ಕಾರು ಮಾರುತ್ತಿದ್ದರು. ಗುಡ್ಡವನ್ನು ಕಾರಿನಲ್ಲೇ ಹತ್ತಬೇಕಾಗಿತ್ತು, ಯಾಕೆಂದರೆ ಬುಡದ ಗೇಟಿನಲ್ಲಿ ನಡೆದು ಹೋಗುವವರನ್ನು ಬಿಡುತ್ತಿರಲಿಲ್ಲ. ದಾರಿ ಮಾಡಿದ್ದು ಚಕ್ರಗಳಿಗೆ ಎಂದು ಅಲ್ಲಿ ಬೋರ್ಡು ಹಾಕಿತ್ತು. ಯಾರು ಹಾಕಿದರು ಎಂದು ಕೇಳುವ ರೂಢಿ ಆ ಊರಿನಲ್ಲಿ ಇರಲಿಲ್ಲ.

ಗಾಜಿನ ಮನೆಗೆ ಒಂದು ನಿಯಮವಿತ್ತು. ಗಾಡಿಯಲ್ಲಿ ದೋಷವಿದೆ ಎಂದರೆ ಅದನ್ನು ಅಲ್ಲಿ ‘ಆಲಿಸುವವರು’ ಎಂದೇ ಹೆಸರಾದವರು ಕಿವಿಯಾರೆ ಕೇಳಬೇಕು. ಅವರು ಕೇಳಿದ್ದು ದೋಷ, ಅವರು ಕೇಳದ್ದು ದೋಷವಲ್ಲ. ಆಲಿಸುವವರು ಒಳಕೋಣೆಯಲ್ಲಿ ಹಿತ್ತಾಳೆಯ ಪೀಠದ ಮೇಲೆ ಕೂತಿರುತ್ತಿದ್ದ, ಬಿಳಿ ಅಂಗಿಯ, ಬಹಳ ಸೌಮ್ಯ ಮನುಷ್ಯ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಯಾರಿಗೂ ಆಗುತ್ತಿರಲಿಲ್ಲ. ಅದೇ ಅವರ ದೊಡ್ಡ ಅನುಕೂಲ.

ಆದರೆ ಗಾಡಿಗಳ ಬುದ್ಧಿ ಎಲ್ಲರಿಗೂ ಗೊತ್ತಿದ್ದದ್ದೇ. ದಾರಿಯುದ್ದಕ್ಕೂ ಕೆಮ್ಮಿ, ಕ್ಯಾಕರಿಸಿ, ನಾಲ್ಕು ಜನರೆದುರು ಮಾನ ಕಳೆದ ಗಾಡಿ ಗಾಜಿನ ಮನೆಯ ಗೇಟು ದಾಟಿದ್ದೇ ತಡ, ಹೆಣ್ಣು ನೋಡಲು ಬಂದವರೆದುರು ಕೂತ ಹುಡುಗಿಯ ಹಾಗೆ ತಣ್ಣಗಾಗಿಬಿಡುತ್ತಿತ್ತು. ಹಾಗಾಗಿ ಹಿಂದಿನವರು ಒಂದು ದಾರಿ ಮಾಡಿಕೊಟ್ಟಿದ್ದರು. ಗಾಡಿ ಬಾಯಿ ಬಿಡದಿದ್ದರೆ ಯಜಮಾನನೇ ಬಾಯಿ ಬಿಡಬಹುದು. ದೋಷದ ಶಬ್ದವನ್ನು ತನ್ನ ಬಾಯಿಂದ, ಇದ್ದದ್ದನ್ನು ಇದ್ದ ಹಾಗೆ, ಮಾಡಿ ತೋರಿಸಬೇಕು. ಆಲಿಸುವವರು ಕಣ್ಣು ಮುಚ್ಚಿ ಕೇಳುತ್ತಾರೆ. ಒಪ್ಪಿದರೆ ರಿಪೇರಿ. ಒಪ್ಪದಿದ್ದರೆ ಮುಂದಿನ ಸೋಮವಾರ.

ಆದ್ದರಿಂದ ಆ ಊರಿನಲ್ಲಿ ಸಂಜೆಯಾದರೆ ಒಂದೊಂದು ಮನೆಯಿಂದ ಒಂದೊಂದು ಶಬ್ದ. ಒಂದು ಜಗುಲಿಯಲ್ಲಿ ಬೆಲ್ಟು ಕಿರುಚುತ್ತಿತ್ತು, ಇನ್ನೊಂದು ಪಡಸಾಲೆಯಲ್ಲಿ ಗೇರು ಹಲ್ಲು ಕಡಿಯುತ್ತಿತ್ತು, ಮೂರನೆಯ ಮನೆಯಲ್ಲಿ ಒಬ್ಬ ಮರ್ಯಾದಸ್ಥ ಹಿರಿಯರು ಕನ್ನಡಿಯೆದುರು ನಿಂತು ಸೈಲೆನ್ಸರ್ ಒಡೆದ ಶಬ್ದ ಮಾಡುತ್ತಿದ್ದರು. ಯಾರೂ ನಗುತ್ತಿರಲಿಲ್ಲ. ಇಂದು ಅವರ ಸರದಿ, ನಾಳೆ ತಮ್ಮದು ಎಂದು ಎಲ್ಲರಿಗೂ ಗೊತ್ತಿತ್ತು.

ಈ ನಿಯಮಕ್ಕೆ ಎರಡು ಬಾಲಗಳಿದ್ದವು. ಗಾಡಿಯ ಬಾನೆಟ್ಟಿನ ಮೇಲೆ ಕೆಂಪು ಅರಗಿನ ಮುದ್ರೆ ಇರುತ್ತಿತ್ತು; ಗಾಜಿನ ಮನೆಯವರಲ್ಲದೆ ಬೇರೆ ಯಾರಾದರೂ ಅದನ್ನು ಒಡೆದರೆ ವಾರಂಟಿ ಹೋಯಿತು. ಮತ್ತೆ, ಒಬ್ಬರ ಗಾಡಿಯಲ್ಲಿ ಇನ್ನೊಂದು ಮನೆಯವರು ಕೂತರೆ ಅದು ಬಾಡಿಗೆಯ ಗಾಡಿ ಎಂದಾಯಿತು. ಆಗಲೂ ವಾರಂಟಿ ಹೋಯಿತು. ವಾರಂಟಿ ಎಂಬುದು ಅಲ್ಲಿ ಬರೀ ಕಾಗದವಲ್ಲ, ಮನೆತನದ ಮರ್ಯಾದೆ. ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ದೇವರ ಕೋಣೆಯಲ್ಲಿ ಇಡುತ್ತಿದ್ದರು.

ಆ ಊರಿನಲ್ಲಿ ಒಬ್ಬ ಅಪ್ಪನಿದ್ದ. ಅಂಗಡಿಗಳ ತಕ್ಕಡಿಗೂ ತೂಕದ ಕಲ್ಲುಗಳಿಗೂ ಸರ್ಕಾರಿ ಮುದ್ರೆ ಒತ್ತುವುದು ಅವನ ಕೆಲಸ. ಮುದ್ರೆ ಇದ್ದ ಕಲ್ಲು ಅವನಿಗೆ ಸತ್ಯ, ಮುದ್ರೆ ಕಿತ್ತ ಕಲ್ಲು ಅವನಿಗೆ ಕಳ್ಳತನ. ನಡುವೆ ಇನ್ನೊಂದು ಬಗೆಯ ಕಲ್ಲು ಇರಬಹುದೆಂದು ಅವನಿಗೆ ಯಾವತ್ತೂ ತೋಚಿದ್ದಿಲ್ಲ. ಒಳ್ಳೆಯ ಮನುಷ್ಯ. ಒಳ್ಳೆಯವನಾಗಿದ್ದರಿಂದಲೇ ಈ ಕತೆ ಇಷ್ಟು ಉದ್ದವಾಯಿತು.

ಅವನಿಗೆ ಒಂದು ಮಗು ಹುಟ್ಟಿತು. ಮಗುವಿನ ಎಡಪಾದ ಒಳಕ್ಕೆ ತಿರುಗಿತ್ತು. ಆ ಹೆರಿಗೆಗೆಂದು ಇಳಿದು ಬಂದಿದ್ದ ಗುಡ್ಡದಾಚೆಯ ಡಾಕ್ಟರಮ್ಮ ಆ ಪಾದವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಹೆದರಬೇಡಿ, ಎಲುಬು ಇನ್ನೂ ಮೇಣದ ಹಾಗಿದೆ ಎಂದರು. ಪ್ರತಿ ಗುರುವಾರ ಬರಬೇಕು. ಪ್ರತಿ ಗುರುವಾರ ಪಾದವನ್ನು ಒಂದು ಕೂದಲೆಳೆಯಷ್ಟು ಹೊರಕ್ಕೆ ತಿರುಗಿಸಿ ಹೊಸ ಪ್ಲಾಸ್ಟರ್ ಕಟ್ಟಬೇಕು. ಎಂಟು ಗುರುವಾರ ಮುಗಿದರೆ ಮಗು ಎಲ್ಲ ಮಕ್ಕಳ ಹಾಗೆ ನಡೆಯುತ್ತದೆ. "ಒಂದು ಗುರುವಾರಾನೂ ತಪ್ಪಿಸಬೇಡಿ," ಎಂದು ಅವರು ಹೇಳಿದರು. "ತಪ್ಪಿದ್ರೆ ಪಾದ ತನ್ನ ಹಳೇ ಜಾಗ ಹುಡುಕ್ಕೊಂಡು ಹೋಗುತ್ತೆ. ಎಲುಬು ಗಟ್ಟಿಯಾದ ಮೇಲೆ ನನ್ನ ಕೈಲಿ ಏನೂ ಆಗಲ್ಲ."

ಅದಕ್ಕೆಂದೇ ಅಪ್ಪ ಕಾರು ಕೊಂಡ. ಗಾಜಿನ ಮನೆಯವರು ಹೂವಿನ ಹಾರ ಹಾಕಿದರು, ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟರು, ಬಾಗಿಲಲ್ಲಿ ನಗುವವಳು ಸಿಹಿ ಕೊಟ್ಟಳು. ನಗುವುದೇ ಅವಳ ಕೆಲಸವಾಗಿದ್ದರಿಂದ ಊರಿನವರು ಅವಳನ್ನು ಹಾಗೆ ಕರೆಯುತ್ತಿದ್ದರು. ಐದು ಗುರುವಾರ ಕಾರು ಗುಡ್ಡ ಹತ್ತಿತು. ಐದು ಸಲ ಪಾದ ಕೂದಲೆಳೆಯಷ್ಟು ಹೊರಕ್ಕೆ ಬಂತು. ಐದನೆಯ ಸಲ ಹಳೆಯ ಪ್ಲಾಸ್ಟರ್ ಬಿಚ್ಚಿದಾಗ ತಾಯಿ ಎರಡೂ ಪಾದಗಳನ್ನು ಜೋಡಿಸಿ ನೋಡಿ, ಗುರುತೇ ಸಿಗುತ್ತಿಲ್ಲ ನೋಡಿ ಎಂದು ಗಂಡನಿಗೆ ತೋರಿಸಿದಳು. ಅವತ್ತು ಇಬ್ಬರೂ ದಾರಿಯುದ್ದಕ್ಕೂ ಹಾಡಿಕೊಂಡು ಇಳಿದರು.

ಆರನೆಯ ಗುರುವಾರ, ಗುಡ್ಡದ ಮೂರನೆಯ ತಿರುವಿನಲ್ಲಿ, ಬಾನೆಟ್ಟಿನ ಒಳಗಿಂದ ಒಂದು ಶಬ್ದ ಬಂತು. ಟೊಕ್, ಟೊಕ್, ಟೊಕ್ ಎಂದು ಮೂರು ಒಣ ಬಡಿತ. ಆಮೇಲೆ ಒಂದು ಬಿಕ್ಕಳಿಕೆ. ಆಮೇಲೆ ಉದ್ದವಾದ ನಿಟ್ಟುಸಿರು. ಎಂಜಿನ್ ನಿಂತಿತು. ಅಪ್ಪ ಬ್ರೇಕ್ ಒತ್ತುತ್ತ, ಬಿಡುತ್ತ, ಹಿಂದಕ್ಕೆ ಜಾರಿಸುತ್ತ ಗುಡ್ಡದ ಬುಡಕ್ಕೆ ಇಳಿಸಿದ. ಬುಡ ತಲುಪಿದ ಮೇಲೆ ಎಂಜಿನ್ ಏನೂ ಆಗಿಲ್ಲವೆಂಬಂತೆ ಚಾಲೂ ಆಯಿತು. ಮತ್ತೆ ಹತ್ತಿಸಿದ, ಮೂರನೆಯ ತಿರುವು, ಮೂರು ಬಡಿತ, ಬಿಕ್ಕಳಿಕೆ, ನಿಟ್ಟುಸಿರು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರಮ್ಮನ ಬಾಗಿಲು ಮುಚ್ಚುವ ಸಮಯವಾಗಿತ್ತು.

ಸೋಮವಾರ ಅಪ್ಪ ಗಾಜಿನ ಮನೆಗೆ ಹೋದ. ಚಪ್ಪಲಿ ಬಿಟ್ಟ, ಬಾಯಿ ಮುಕ್ಕಳಿಸಿದ, ಪೀಠದೆದುರು ಕೂತ. ಆಲಿಸುವವರು ಕಿವಿಗಳನ್ನು ಬೆಚ್ಚನೆಯ ನೀರಿನ ಬಟ್ಟೆಯಲ್ಲಿ ಒರೆಸಿಕೊಂಡು ಕಣ್ಣು ಮುಚ್ಚಿದರು. ಅಪ್ಪ ಮಗುವಿನ ಪಾದದ ವಿಷಯದಿಂದ ಶುರು ಮಾಡಿದ. ಪ್ಲಾಸ್ಟರ್ ವಿಷಯ ಹೇಳಿದ, ತಿರುವಿನ ವಿಷಯ ಹೇಳಿದ, ಇನ್ನು ಮೂರೇ ಗುರುವಾರ ಉಳಿದಿದೆ ಎಂದ. ಆಲಿಸುವವರು ತುಂಬಾ ಮರುಗಿದರು. ಆಮೇಲೆ, ವಿವರಣೆ ನನ್ನ ಕಿವಿಗೆ ಸೇರಿದ್ದಲ್ಲ, ಶಬ್ದ ಮಾತ್ರ ಕೊಡಿ ಎಂದು ಕೇಳಿಕೊಂಡರು. ಅಪ್ಪ ನಾಚಿಕೆ ಬಿಟ್ಟು ಬಾಯಿಂದ ಟೊಕ್ ಟೊಕ್ ಎಂದ. ಆಲಿಸುವವರು ಸ್ವಲ್ಪ ಹೊತ್ತು ಕಾದು ಕಣ್ಣು ತೆರೆದರು.

"ಕೇಳಿಸಲಿಲ್ಲ," ಎಂದರು.

ಬರುವಾಗ ನಗುವವಳು ನೀರು ಕೊಟ್ಟು, ಮೊದಲ ಸಲಕ್ಕೇ ಯಾರಿಗೂ ಆಗುವುದಿಲ್ಲ ಸರ್, ಬೇಜಾರು ಮಾಡಿಕೊಳ್ಳಬೇಡಿ ಎಂದು ಸಮಾಧಾನ ಮಾಡಿದಳು.

ಮುಂದಿನ ಸೋಮವಾರ ಬಡಿತ ಸರಿಯಾಗಿತ್ತು, ಬಿಕ್ಕಳಿಕೆ ಕೆಟ್ಟಿತ್ತು. ಅದರ ಮುಂದಿನ ಸೋಮವಾರ ಬಿಕ್ಕಳಿಕೆ ಸರಿಯಾಗಿತ್ತು, ನಿಟ್ಟುಸಿರಿನಲ್ಲಿ ದುಃಖ ಬಂದುಬಿಟ್ಟಿತ್ತು. ಎಂಜಿನ್ನಿಗೆ ದುಃಖವಿರುವುದಿಲ್ಲ, ಇದು ತಮ್ಮ ಗಂಟಲಿನದು ಎಂದು ಆಲಿಸುವವರು ಮೆಲ್ಲಗೆ ತಿದ್ದಿದರು. ಅಪ್ಪ ತಲೆಯಾಡಿಸಿದ. ಅವರು ಹೇಳಿದ್ದು ನಿಜವಾಗಿತ್ತು.

ಗುರುವಾರ ಬರುತ್ತಿತ್ತು, ಮೂರನೆಯ ತಿರುವಿನವರೆಗೆ ಹೋಗುತ್ತಿತ್ತು, ಹಿಂದಕ್ಕೆ ಜಾರುತ್ತಿತ್ತು. ಮಗು ಬೆಳೆದು ಹಳೆಯ ಪ್ಲಾಸ್ಟರ್ ಬಿಗಿಯಾಯಿತು. ತಾಯಿ ಬಿಸಿನೀರಿನಲ್ಲಿ ನೆನೆಸಿ ಅದನ್ನು ಬಿಚ್ಚಿದಳು. ದಿನವೂ ಪಾದವನ್ನು ಅಂಗೈಯಲ್ಲಿ ಹಿಡಿದು ನೆಟ್ಟಗೆ ಮಾಡುತ್ತಿದ್ದಳು. ಕೈಯಲ್ಲಿರುವವರೆಗೆ ಅದು ನೆಟ್ಟಗಿರುತ್ತಿತ್ತು. ಕೈ ತೆಗೆದರೆ ಒಳಕ್ಕೆ ತಿರುಗಿಕೊಳ್ಳುತ್ತಿತ್ತು. ಒಲೆಯ ಮೇಲೆ ಅನ್ನ ಇಟ್ಟಾಗ ಮಾತ್ರ ಅವಳು ಆ ಪಾದವನ್ನು ಬಿಡುತ್ತಿದ್ದಳು.

ಡಾಕ್ಟರಮ್ಮ ವಾರವಾರವೂ ಇಳಿದು ಬರುವ ಹಾಗಿರಲಿಲ್ಲ; ಅಲ್ಲಿ ಅವರ ಬಾಗಿಲಲ್ಲಿ ಪಾದಗಳ ಸಾಲೇ ಇತ್ತು. ಅಪ್ಪ ನೆರೆಯವರನ್ನು ಕೇಳಿದ. ಎದುರು ಮನೆಯವರು ಕಣ್ಣಲ್ಲಿ ನೀರು ತಂದುಕೊಂಡು, ಕಾರಿಗೆ ಹತ್ತಿಸಿಕೊಂಡರೆ ನಮ್ಮ ವಾರಂಟಿ ಹೋಗುತ್ತದಲ್ಲ ಎಂದರು. ಪಕ್ಕದ ಮನೆಯವರು ಹೋಳಿಗೆ ಕಳಿಸಿದರು. ಮೇಲಿನ ಬೀದಿಯವರು ಮಗುವಿಗೆ ಕಾಲುಚೀಲ ಹೆಣೆದುಕೊಟ್ಟರು, ಎಡಗಾಲಿನದನ್ನು ಸ್ವಲ್ಪ ವಾರೆಯಾಗಿ, ಅಳತೆಗೆ ಸರಿಯಾಗಿ. ಯಾರಲ್ಲೂ ಕರುಣೆಗೆ ಕೊರತೆ ಇರಲಿಲ್ಲ. ಹಿಂದಿನ ಸೀಟಿಗೆ ಮಾತ್ರ ಕೊರತೆ.

ಊರ ಹೊರಗೆ ಹುಣಸೆಮರದ ಕೆಳಗೆ ಒಬ್ಬ ಮೇಸ್ತ್ರಿ ಕೂರುತ್ತಿದ್ದ. ವಾರಂಟಿ ತೀರಿದ, ಮುದ್ರೆ ಒಡೆದ, ಮರ್ಯಾದೆ ಕಳೆದುಕೊಂಡ ಗಾಡಿಗಳು ಅವನ ಹತ್ತಿರ ಹೋಗುತ್ತಿದ್ದವು. ಒಂದು ಗುರುವಾರ ಹಿಂದಕ್ಕೆ ಜಾರಿ ಬಂದ ಕಾರನ್ನು ಅಪ್ಪ ಆ ಮರದ ನೆರಳಿನಲ್ಲಿ ನಿಲ್ಲಿಸಿದಾಗ ಮೇಸ್ತ್ರಿ ಎದ್ದು ಬಂದ. ಏನು ಎಂದು ಕೇಳಲಿಲ್ಲ. ಅಪ್ಪನ ಬಾಯಿಗೆ ಅಷ್ಟರಲ್ಲಿ ಅಭ್ಯಾಸವಾಗಿಬಿಟ್ಟಿತ್ತು. ಅದು ತಾನಾಗಿಯೇ ಶಬ್ದ ಮಾಡಿತು.

"ಗೊತ್ತಾಯ್ತು ಸ್ವಾಮಿ," ಎಂದ ಮೇಸ್ತ್ರಿ. "ಬಾನೆಟ್ ಎತ್ತಿ, ಗಾಡಿ ಹತ್ತಿಸಿ, ಆ ಶಬ್ದ ಹಿಡ್ಕೊಂಡು ಹೋದ್ರೆ ಎಲ್ಲಿ ಹೋಗಿದೆ ಅಂತ ಅದೇ ತೋರಿಸುತ್ತೆ. ಅರ್ಧ ಗಂಟೆ ಕೆಲಸ."

"ಮುದ್ರೆ ಇದೆಯಲ್ಲ," ಎಂದ ಅಪ್ಪ.

"ಮುದ್ರೆ ಗಾಡೀಗೆ ಸ್ವಾಮಿ, ಮಗೂಗಲ್ಲ."

ತಾಯಿ ಹಿಂದಿನ ಸೀಟಿನಿಂದ ಇಳಿದಳು. ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಗಂಡನೆದುರು ನಿಂತಳು. "ರೀ, ನಿಮ್ಮ ಕೈಲಿ ಆಗಲ್ಲ ಅಂತ ನಂಗೊತ್ತು. ನಾನು ಒಡೀತೀನಿ. ನೀವು ಆ ಕಡೆ ಮುಖ ಮಾಡ್ಕೊಂಡು ನಿಂತ್ಕೊಳ್ಳಿ, ಸಾಕು."

ಅಪ್ಪ ಮುದ್ರೆಯನ್ನು ನೋಡಿದ. ಜೀವಮಾನವಿಡೀ ಮುದ್ರೆ ಕಿತ್ತವರನ್ನು ಹಿಡಿದುಕೊಟ್ಟವನು ಅವನು. ಒಮ್ಮೆ ಒಡೆದರೆ ನಾಳೆ ಎಂಜಿನ್ನೇ ಸುಟ್ಟರೂ ಗಾಜಿನ ಮನೆಯ ಬಾಗಿಲು ತನಗೆ ತೆರೆಯುವುದಿಲ್ಲ ಎಂದು ಲೆಕ್ಕ ಹಾಕಿದ. ಬಡಿತ ಸರಿಯಾಗಿದೆ, ಬಿಕ್ಕಳಿಕೆ ಸರಿಯಾಗಿದೆ, ನಿಟ್ಟುಸಿರೊಂದು ಕೈಗೆ ಹತ್ತಿದರೆ ಆಯಿತು ಎಂದುಕೊಂಡ. ಇಷ್ಟು ದೂರ ಬಂದು ಈಗ ಬಿಡುವುದೇ ಎಂದುಕೊಂಡ. "ಇನ್ನೊಂದು ಸೋಮವಾರ ನೋಡೋಣ," ಎಂದ.

ಇಲ್ಲಿಗೆ ಬಂದಾಗಲೆಲ್ಲ ನನಗೆ ಅವನ ಮೇಲೆ ಕೋಪ ಬರುತ್ತದೆ. ಆಮೇಲೆ ನಮ್ಮ ಮನೆಯಲ್ಲೂ ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟ ಕಾಗದಗಳು ನೆನಪಾಗಿ ಸುಮ್ಮನಾಗುತ್ತೇನೆ.

ಅವನು ಮನೆಯಲ್ಲಿ ಅಭ್ಯಾಸ ಮಾಡಿದ. ತೊಟ್ಟಿಲ ಪಕ್ಕದಲ್ಲಿ ಕೂತು ಮಾಡಿದ, ಮಗುವಿಗೆ ಅನ್ನ ಕಲಸುತ್ತ ಮಾಡಿದ, ಸ್ನಾನ ಮಾಡಿಸುತ್ತ ಮಾಡಿದ. ಮೂರು ಬಡಿತ, ಬಿಕ್ಕಳಿಕೆ, ನಿಟ್ಟುಸಿರು. ಸೋಮವಾರಗಳು ಬಂದವು, ಸೋಮವಾರಗಳು ಹೋದವು. ಮಗು ಮಗುಚಿಕೊಂಡಿತು, ತೆವಳಿತು, ಕೂತಿತು, ಅಂಬೆಗಾಲಿಟ್ಟಿತು. ಅಂಬೆಗಾಲಿಡುವಾಗ ಎಡಪಾದ ಹಿಂದೆ ಎಳೆದುಕೊಂಡು ಬರುತ್ತಿತ್ತು.

ಒಂದು ಸೋಮವಾರ ತಾಯಿ ಹುಷಾರಿಲ್ಲದೆ ಮಲಗಿದ್ದಳು. ಅಪ್ಪ ಮಗುವನ್ನು ಎತ್ತಿಕೊಂಡೇ ಗಾಜಿನ ಮನೆಗೆ ಹೋದ. ಚಪ್ಪಲಿ ಬಿಟ್ಟ, ಬಾಯಿ ಮುಕ್ಕಳಿಸಿದ, ಪೀಠದೆದುರು ಕೂತ. ಆಲಿಸುವವರು ಕಿವಿ ಒರೆಸಿಕೊಂಡು ಕಣ್ಣು ಮುಚ್ಚಿದರು. ಅಪ್ಪ ಉಸಿರು ಎಳೆದುಕೊಂಡ. ಅವನು ಬಾಯಿ ತೆರೆಯುವ ಮೊದಲೇ ತೊಡೆಯ ಮೇಲಿದ್ದ ಮಗು ಶಬ್ದ ಮಾಡಿತು. ಮೂರು ಒಣ ಬಡಿತ. ಬಿಕ್ಕಳಿಕೆ. ಉದ್ದವಾದ, ದುಃಖವೇ ಇಲ್ಲದ ನಿಟ್ಟುಸಿರು. ಬೇರೆ ಮಕ್ಕಳು ಅಮ್ಮ ಎನ್ನುವ, ಅಪ್ಪ ಎನ್ನುವ ವಯಸ್ಸಿನಲ್ಲಿ ಅದು ತನಗೆ ಗೊತ್ತಿದ್ದ ಒಂದೇ ಮಾತನ್ನು ಆಡಿತ್ತು.

ಆಲಿಸುವವರ ಕಣ್ಣಲ್ಲಿ ನೀರು ತುಂಬಿತು. "ಇದೇ," ಎಂದರು. "ಇಷ್ಟು ವರ್ಷದಲ್ಲಿ ಇಷ್ಟು ಶುದ್ಧವಾದದ್ದನ್ನು ನಾನು ಕೇಳಿಲ್ಲ."

ಗಂಟೆ ಬಾರಿಸಿದರು. ಕಾರನ್ನು ಒಳಗಿನ ಶೆಡ್ಡಿಗೆ ತಳ್ಳಿಕೊಂಡು ಹೋದರು. ಮೂರು ದಿನವಾದ ಮೇಲೆ, ಹೊಸ ಮುದ್ರೆ ಒತ್ತಿ, ಹೊರಗೆ ತಂದು ನಿಲ್ಲಿಸಿದರು. ಬೀಗದ ಕೈ ಕೊಡುವ ಮೊದಲು ಒಂದು ಶಾಸ್ತ್ರವಿತ್ತು: ಯಜಮಾನ ತೃಪ್ತಿಯಾಗಿದೆ ಎಂದು ಮೂರು ಸಲ ಹೇಳಬೇಕು. ಗುಡ್ಡ ಹತ್ತಿ ನೋಡಿ ಬಂದು ಹೇಳಲೇ ಎಂದು ಅಪ್ಪ ಕೇಳಿದ. ನಗುವವಳು ಅವನ ಹತ್ತಿರ ಬಗ್ಗಿ, ಈಗಲೇ ಹೇಳಿಬಿಡಿ ಸರ್, ಎರಡೇ ಸಲ ಹೇಳಿದರೂ ನನ್ನ ಕೆಲಸಕ್ಕೆ ತೊಂದರೆ ಎಂದು ಪಿಸುಗುಟ್ಟಿದಳು. ನಗುತ್ತಲೇ ಹೇಳಿದಳು, ಆದರೆ ಕಣ್ಣಲ್ಲಿ ಹೆದರಿಕೆ ಇತ್ತು. ಅಪ್ಪ ಮೂರು ಸಲ ಹೇಳಿದ. ಮೂರನೆಯ ಸಲ ಮನಸ್ಸಿಟ್ಟು ಹೇಳಿದ.

ಅವತ್ತು ಗುರುವಾರವೇ. ತಾಯಿ ಮಗುವಿಗೆ ಹೊಸ ಅಂಗಿ ಹಾಕಿದಳು. ಕಾರು ಮೊದಲ ತಿರುವು ದಾಟಿತು, ಎರಡನೆಯ ತಿರುವು ದಾಟಿತು. ಮೂರನೆಯ ತಿರುವಿನಲ್ಲಿ ಇಬ್ಬರೂ ಕಿವಿಗೊಟ್ಟರು. ಬಡಿತ ಬರಲಿಲ್ಲ. ಬಿಕ್ಕಳಿಕೆ ಬರಲಿಲ್ಲ. ನಿಟ್ಟುಸಿರು ಬರಲಿಲ್ಲ. ಅಪ್ಪ ಹೆಂಡತಿಯ ಕಡೆ ತಿರುಗಿ ನಗುವಷ್ಟರಲ್ಲಿ, ಒಂದು ಚೂರೂ ಸದ್ದಿಲ್ಲದೆ, ಕಾರು ನಿಂತಿತು.

ಗಾಜಿನ ಮನೆಯವರು ಮಾತಿಗೆ ತಪ್ಪಿರಲಿಲ್ಲ. ಅವರು ಕೇಳಿದ್ದು ಶಬ್ದವನ್ನು, ತೆಗೆದದ್ದೂ ಶಬ್ದವನ್ನೇ.

ಸೋಮವಾರ ಅಪ್ಪ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಪೀಠದೆದುರು ಕೂತ. ಆಲಿಸುವವರು ಕಣ್ಣು ಮುಚ್ಚಿ ಕಾದರು. ಅಪ್ಪ ಬಾಯಿ ತೆರೆದ. ಈಗ ಕಾರು ಮಾಡುವುದನ್ನು ಇದ್ದ ಹಾಗೆ ಮಾಡಬೇಕಾಗಿತ್ತು. ಅದು ಏನೂ ಮಾಡುತ್ತಿರಲಿಲ್ಲ. ಅವನು ಬಾಯಿ ತೆರೆದುಕೊಂಡೇ ಕೂತ. ಬಹಳ ಹೊತ್ತು ಕೂತ. ಅದನ್ನು ಅವನು ಅಭ್ಯಾಸ ಮಾಡಿರಲಿಲ್ಲ, ಆದರೂ ಒಂದಿಷ್ಟೂ ತಪ್ಪಿಲ್ಲದೆ ಬಂತು.

"ಏನೂ ಕೇಳಿಸುತ್ತಿಲ್ಲ," ಎಂದರು ಆಲಿಸುವವರು. ಅವರ ದನಿಯಲ್ಲಿ ಸಂತೋಷವಿತ್ತು.

ಆಗ ಮಗು ತನ್ನ ಮಾತನ್ನು ಆಡಿತು. ಅಪ್ಪ ಅದನ್ನು ಎತ್ತಿ ಹಿಡಿದು, ಕೇಳಿ, ಇದನ್ನಾದರೂ ಕೇಳಿ ಎಂದು ಬೇಡಿಕೊಂಡ. ಆಲಿಸುವವರು ಮಗುವಿನ ಕೆನ್ನೆ ಸವರಿದರು. ಆ ಶಬ್ದ ಮುಗಿದುಹೋಗಿದೆ, ಅದಕ್ಕೆ ತಾವೇ ಮೂರು ಸಲ ತೃಪ್ತಿ ಹೇಳಿದ್ದೀರಿ, ಇಲ್ಲದ ಶಬ್ದವನ್ನು ಮಗುವಿಗೆ ಕಲಿಸುವುದು ಒಳ್ಳೆಯದಲ್ಲ ಎಂದು ಬುದ್ಧಿ ಹೇಳಿದರು.

ಅಪ್ಪ ಮನೆಗೆ ಹೋಗಿ ಹೆಂಡತಿಯನ್ನು ಕೂರಿಸಿಕೊಂಡು ನೇರ ಹುಣಸೆಮರಕ್ಕೆ ಕಾರು ಬಿಟ್ಟ. ಯಾರೂ ಏನೂ ಹೇಳಬೇಕಾಗಲಿಲ್ಲ. ಅವನೇ ಇಳಿದು, ತೂಕದ ಕಲ್ಲುಗಳಿಗೆ ಮುದ್ರೆ ಒತ್ತುವ ತನ್ನ ಕಬ್ಬಿಣದ ಅಚ್ಚಿನಿಂದಲೇ ಅರಗಿನ ಮುದ್ರೆಗೆ ಹೊಡೆದ. ಅದು ಒಂದೇ ಏಟಿಗೆ ಪುಡಿಯಾಯಿತು. ಅಷ್ಟು ಮೆದು ಎಂದು ಅವನಿಗೆ ಗೊತ್ತಿರಲಿಲ್ಲ.

ಮೇಸ್ತ್ರಿ ಬಾನೆಟ್ ಎತ್ತಿ ಎಂಜಿನ್ನಿಗೆ ಕಿವಿ ಹಚ್ಚಿದ. ಚಾಲೂ ಮಾಡಿಸಿದ, ನಿಲ್ಲಿಸಿದ. ಅಪ್ಪನ ಜೊತೆ ಮೂರನೆಯ ತಿರುವಿನವರೆಗೂ ಹೋಗಿ ಬಂದ. ಅಪ್ಪನಿಗೆ ಇನ್ನು ಕಳೆದುಕೊಳ್ಳಲು ವಾರಂಟಿ ಇರಲಿಲ್ಲ. ಮೇಸ್ತ್ರಿ ಉಳಿದ ದಿನವಿಡೀ ಒಂದೊಂದೇ ಬಿಚ್ಚಿದ, ಒಂದೊಂದೇ ಜೋಡಿಸಿದ. ಬಿಸಿಲು ಇಳಿಯುವ ಹೊತ್ತಿಗೆ ಕೈ ಒರೆಸಿಕೊಂಡು ಅಪ್ಪನೆದುರು ಬಂದು ನಿಂತ. ಮುಖ ನೋಡಲಿಲ್ಲ.

"ಶಬ್ದ ಇದ್ದಾಗ ಬಂದಿದ್ರೆ ಹುಡುಕ್ತಿದ್ದೆ ಸ್ವಾಮಿ. ಎಲ್ಲಿ ನೋಯ್ತಿದೆ ಅಂತ ಹೇಳೋ ಬಾಯಿ ಅದೊಂದೇ ಇತ್ತು. ಅದನ್ನೇ ಮುಚ್ಚಿ ಕಳ್ಸಿದಾರೆ. ನಾನು ಎಲ್ಲಿ ಅಂತ ಕೈ ಹಾಕ್ಲಿ?"

ಅಪ್ಪ ನೆಲದ ಮೇಲೆ ಕೂತುಬಿಟ್ಟ. ಹೆಂಡತಿ ಏನಾದರೂ ಅನ್ನಲಿ, ಬೈಯಲಿ, ಅವತ್ತೇ ಹೇಳಿದೆನಲ್ಲ ಎನ್ನಲಿ ಎಂದು ಕಾದ. ಆದರೆ ಅವಳು ಕಾರಿನ ಮುಂಭಾಗವನ್ನು ನೋಡುತ್ತಿದ್ದಳು. ಅಪ್ಪನೂ ಅತ್ತ ನೋಡಿದ.

ಮಗು ಅಂಬೆಗಾಲಿಟ್ಟುಕೊಂಡು ಕಾರಿನ ಹತ್ತಿರ ಹೋಗಿತ್ತು. ಬಂಪರ್ ಹಿಡಿದು ಎದ್ದು ನಿಂತಿತ್ತು. ಹುಟ್ಟಿದ ಮೇಲೆ ಮೊದಲ ಸಲ. ಬಲಪಾದ ನೆಲಕ್ಕೆ ಸರಿಯಾಗಿ ಊರಿತ್ತು. ಎಡಪಾದ ಹೊರ ಅಂಚಿನ ಮೇಲೆ ನಿಂತಿತ್ತು, ಅಂಗಾಲು ಪೂರ್ತಿ ಒಳಕ್ಕೆ. ನಿಲ್ಲುವುದು ಎಂದರೆ ಹೀಗೇ ಎಂದು ಅದು ತಿಳಿದುಕೊಂಡಿತ್ತು. ಮೊಣಕಾಲು ನಡುಗಿದರೂ ಬಿಡದೆ, ಇಬ್ಬರ ಮುಖವನ್ನೂ ನೋಡಿ, ಬಾಯ್ತುಂಬ ನಕ್ಕು, ಏನೋ ಬರಲಿ ಎಂದು ಕಾಯುತ್ತ ನಿಂತಿತು.

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಚಪ್ಪಾಳೆ ತಟ್ಟಿದಳು. ಅಪ್ಪನೂ ತಟ್ಟಿದ.